ಮನೆಯಲ್ಲೇ ಹೈ ಪ್ರೋಟೀನ್ ಚೀಸ್ ಕ್ರ್ಯಾಕರ್: ಕಲ್ಲಾಗದೆ, ಮೆತ್ತಗಾಗದೆ, ಗರಿಗರಿಯಾಗಿ

ಚೀಸ್ ಕ್ರ್ಯಾಕರ್ ಪ್ಯಾಕೆಟ್ ಕೈಗೆ ಸಿಕ್ಕಾಗ ಒಮ್ಮೆ ಹಿಂಬದಿ ತಿರುಗಿಸಿ ನೋಡಿ. ಸಾಮಾನ್ಯವಾಗಿ 100 ಗ್ರಾಂನಲ್ಲಿ ಪ್ರೋಟೀನ್ ಇರುವುದು 10 ಗ್ರಾಂ ಆಸುಪಾಸು. ಹೆಸರಿನಲ್ಲಿ ಚೀಸ್ ಇದ್ದರೂ ಒಳಗೆ ಜಾಸ್ತಿ ಇರುವುದು ಮೈದಾ ಮತ್ತು ಎಣ್ಣೆ. ಇಲ್ಲಿ ಹೇಳುವ ಅಳತೆಯಲ್ಲಿ ಮಾಡಿದರೆ 100 ಗ್ರಾಂ ಕ್ರ್ಯಾಕರ್‌ಗೆ ಸುಮಾರು 32 ಗ್ರಾಂ ಪ್ರೋಟೀನ್ ಸಿಗುತ್ತದೆ, ರುಚಿಯೂ ನಿಜವಾಗಿ ಚೀಸಿನದ್ದೇ ಇರುತ್ತದೆ.

ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪ್ರೋಟೀನ್ ಹೆಚ್ಚಿಸುವುದು ಸುಲಭ, ಹೆಚ್ಚಿಸಿದ ಮೇಲೂ ಅದು ಕ್ರ್ಯಾಕರ್ ಆಗಿಯೇ ಉಳಿಯಬೇಕಲ್ವಾ, ಕಷ್ಟ ಇರುವುದು ಅಲ್ಲಿ. ಡಬ್ಬಿಯಿಂದ ವೇ ಪ್ರೋಟೀನ್ ಪುಡಿಯನ್ನು ಧಾರಾಳವಾಗಿ ಸುರಿದು ಬೇಯಿಸಿದರೆ ಹಲ್ಲಿಗೆ ಸವಾಲು ಹಾಕುವಂಥ ಬಿಲ್ಲೆಗಳು ಸಿಗುತ್ತವೆ. ಬರೀ ಚೀಸ್ ಜಾಸ್ತಿ ಹಾಕಿದರೆ ಟ್ರೇ ತುಂಬ ಜಿಡ್ಡು ಬಿಡುತ್ತದೆ, ತಣ್ಣಗಾದ ಮೇಲೆ ನಾರುನಾರಾಗಿ ಅಗಿಯಬೇಕಾಗುತ್ತದೆ. ಹೀಗಾಗಿ ಎರಡು ಮಾತು ನೆನಪಿಟ್ಟುಕೊಳ್ಳಿ. ಪ್ರೋಟೀನ್ ಪುಡಿ ಒಟ್ಟು ಒಣ ಹಿಟ್ಟಿನ ಕಾಲು ಭಾಗ ದಾಟಬಾರದು. ಇನ್ನೊಂದು, ಕ್ರ್ಯಾಕರ್ ಬೆಂದರೆ ಸಾಲದು, ಒಣಗಬೇಕು. ಈ ಎರಡನೆಯದನ್ನು ಹೆಚ್ಚಿನ ರೆಸಿಪಿಗಳು ಬಿಟ್ಟುಬಿಡುತ್ತವೆ.

ಬೇಕಾಗುವ ಸಾಮಾನು

ಚಮಚ, ಕಪ್ ಲೆಕ್ಕ ಬೇಡ, ತೂಕದ ಲೆಕ್ಕ ಇರಲಿ. ತುರಿದ ಚೀಸ್ ಒಂದು ಕಪ್‌ನಲ್ಲಿ ಎಷ್ಟು ಹಿಡಿಯುತ್ತದೆ ಅನ್ನುವುದು ನೀವು ಎಷ್ಟು ಒತ್ತಿ ತುಂಬುತ್ತೀರಿ ಅನ್ನುವುದರ ಮೇಲೆ ನಿಂತಿದೆ, ಪ್ರೋಟೀನ್ ಪುಡಿಯೂ ಹಾಗೇ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು.

ಹಳೆಯ ಗಟ್ಟಿ ಚೆಡ್ಡಾರ್ ಚೀಸ್ – 120 ಗ್ರಾಂ
ಗೋಧಿ ಹಿಟ್ಟು – 60 ಗ್ರಾಂ
ಕಡಲೆ ಹಿಟ್ಟು – 40 ಗ್ರಾಂ
ಸಿಹಿ, ಫ್ಲೇವರ್ ಏನೂ ಇಲ್ಲದ ವೇ ಅಥವಾ ಬಟಾಣಿ ಪ್ರೋಟೀನ್ ಪುಡಿ – 30 ಗ್ರಾಂ
ತಣ್ಣಗಿನ ಬೆಣ್ಣೆ – 15 ಗ್ರಾಂ
ಒಂದು ಮೊಟ್ಟೆಯ ಬಿಳಿ ಭಾಗ – ಸುಮಾರು 33 ಗ್ರಾಂ
ಬೇಕಿಂಗ್ ಪೌಡರ್ – ಅರ್ಧ ಟೀ ಚಮಚ
ಖಾರದ ಪುಡಿ, ಸಾಸಿವೆ ಪುಡಿ – ಕಾಲು ಟೀ ಚಮಚದಷ್ಟು
ಉಪ್ಪು – ಒಂದು ಚಿಟಿಕೆ
ತಣ್ಣೀರು – ಬೇಕಾದರೆ ಮಾತ್ರ, ಒಂದೆರಡು ಚಮಚ

ಉಪ್ಪು ಒಂದೇ ಚಿಟಿಕೆ ಅಂದಿದ್ದಕ್ಕೆ ಕಾರಣ ಇದೆ. ಚೆಡ್ಡಾರ್‌ನಲ್ಲಿ 100 ಗ್ರಾಂಗೆ ಒಂದೂವರೆ ಗ್ರಾಂಗಿಂತ ಜಾಸ್ತಿ ಉಪ್ಪು ಆಗಲೇ ಇರುತ್ತದೆ. ಬೇಯುವಾಗ ನೀರು ಹೋಗಿ ತೂಕ ಇಳಿಯುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಹಸಿ ಹಿಟ್ಟಿನಲ್ಲಿ ಹದವಾಗಿ ಕಂಡ ಉಪ್ಪು ಬೆಂದ ಮೇಲೆ ಜಾಸ್ತಿ ಅನ್ನಿಸುವುದು ಇದಕ್ಕೇ.

ಸಾಸಿವೆ ಪುಡಿ ಬಿಡಬೇಡಿ. ಅದರ ರುಚಿ ಬೇರೆಯಾಗಿ ಗೊತ್ತಾಗುವುದಿಲ್ಲ, ಆದರೆ ಚೀಸಿನ ರುಚಿಯನ್ನು ಎತ್ತಿ ಹಿಡಿಯುತ್ತದೆ. ಬಣ್ಣ ಕೇಸರಿಯಾಗಿ ಬರಬೇಕು ಅಂದರೆ ಖಾರ ಕಡಿಮೆ ಇರುವ ಕೆಂಪು ಮೆಣಸಿನ ಪುಡಿ ಸಾಕು. ಚೆಡ್ಡಾರ್‌ನ ಆ ಕೇಸರಿ ಬಣ್ಣ ಕೂಡ ಹಾಲಿನದ್ದಲ್ಲ, ಅನಾಟೊ ಅನ್ನುವ ಬೀಜದ ಬಣ್ಣ.

ಯಾವ ಚೀಸ್, ಯಾವ ಪುಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಅರ್ಧ ಫಲಿತಾಂಶ ಇಲ್ಲೇ ನಿರ್ಧಾರ ಆಗುತ್ತದೆ.

ಚೀಸ್ ಎಷ್ಟು ಹಳೆಯದೋ ಅಷ್ಟು ಒಳ್ಳೆಯದು. ಮಾಗಿದ ಚೆಡ್ಡಾರ್‌ನಲ್ಲಿ ನೀರಿನ ಅಂಶ ಸುಮಾರು 37 ಶೇಕಡ, ಪಾರ್ಮೆಸಾನ್‌ನಲ್ಲಿ 30ರ ಹತ್ತಿರ, ಮೊಜರೆಲ್ಲಾದಲ್ಲಿ 50ರ ಹತ್ತಿರ. ಆ ನೀರನ್ನೆಲ್ಲ ಓವನ್‌ನಲ್ಲಿ ನೀವೇ ಓಡಿಸಬೇಕು. ಮೊಜರೆಲ್ಲಾ ಪಿಜ್ಜಾಗೆ ಚೆನ್ನ, ಕ್ರ್ಯಾಕರ್‌ಗೆ ನಾನು ಶಿಫಾರಸು ಮಾಡುವುದಿಲ್ಲ, ಅದರ ಎಳೆ ಎಳೆಯಾಗುವ ಗುಣ ಇಲ್ಲಿ ತೊಂದರೆಯೇ. ಪ್ರೋಟೀನ್ ಇನ್ನೂ ಹೆಚ್ಚಿಸಬೇಕು ಅಂದರೆ 120 ಗ್ರಾಂ ಚೆಡ್ಡಾರ್ ಬದಲು 80 ಗ್ರಾಂ ಚೆಡ್ಡಾರ್ ಮತ್ತು 40 ಗ್ರಾಂ ಪಾರ್ಮೆಸಾನ್ ಹಾಕಿ. ಚೆಡ್ಡಾರ್‌ನಲ್ಲಿ 100 ಗ್ರಾಂಗೆ ಸುಮಾರು 24 ಗ್ರಾಂ ಪ್ರೋಟೀನ್ ಇದ್ದರೆ ಪಾರ್ಮೆಸಾನ್‌ನಲ್ಲಿ ಅದು 35ರ ಸುಮಾರಿಗೆ ಇರುತ್ತದೆ. ಹಾಗೆ ಮಾಡಿದಾಗ ಮೇಲೆ ಹೇಳಿದ ಚಿಟಿಕೆ ಉಪ್ಪನ್ನೂ ಬಿಟ್ಟುಬಿಡಿ.

ಸ್ಲೈಸ್ ಮತ್ತು ಕ್ಯೂಬ್ ರೂಪದಲ್ಲಿ ಬರುವ ಪ್ರಾಸೆಸ್ಡ್ ಚೀಸ್ ಬೇಡ. ಅದರಲ್ಲಿ ಕೊಬ್ಬು ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಲವಣಗಳನ್ನು ಸೇರಿಸಿರುತ್ತಾರೆ, ಅದಕ್ಕೇ ಅದು ನಯವಾಗಿ ಕರಗುತ್ತದೆ. ಕ್ರ್ಯಾಕರ್‌ನಲ್ಲಿ ನಮಗೆ ಬೇಕಾದದ್ದು ಅದರ ಉಲ್ಟಾ, ನೀರು ಬಿಟ್ಟು ಹೋಗಬೇಕು. ಮೊದಲೇ ತುರಿದು ಪ್ಯಾಕ್ ಮಾಡಿದ ಚೀಸ್ ಕೂಡ ಅಷ್ಟಕ್ಕಷ್ಟೇ. ತುರಿ ಅಂಟಿಕೊಳ್ಳದಿರಲಿ ಅಂತ ಅದಕ್ಕೆ ಸ್ಟಾರ್ಚ್ ಅಥವಾ ಸೆಲ್ಯುಲೋಸ್ ಪುಡಿ ಉದುರಿಸಿರುತ್ತಾರೆ, ಹಿಟ್ಟಿನ ಜೊತೆ ಸರಿಯಾಗಿ ಬೆರೆಯುವುದಿಲ್ಲ. ಗಡ್ಡೆ ತಂದು ನೀವೇ ತುರಿದುಕೊಳ್ಳಿ, ಅದೂ ತುರಿಮಣೆಯ ಸಣ್ಣ ತೂತಿನ ಕಡೆಯಲ್ಲಿ.

ಈಗ ಪುಡಿ. ಹಾಲಿನಲ್ಲಿ ಎರಡು ಬಗೆಯ ಪ್ರೋಟೀನ್ ಇದೆ, ಕೇಸಿನ್ ಮತ್ತು ವೇ. ಚೀಸ್ ಮಾಡುವಾಗ ಕೇಸಿನ್ ಗಟ್ಟಿಯಾಗಿ ಚೀಸ್ ಆಗುತ್ತದೆ, ವೇ ನೀರಿನ ಜೊತೆ ಹರಿದು ಹೋಗುತ್ತದೆ. ಅದನ್ನೇ ಸೋಸಿ ಒಣಗಿಸಿದರೆ ವೇ ಪುಡಿ. ಹಾಗಾಗಿ ಚೀಸಿನ ಜೊತೆ ವೇ ಪುಡಿ ಹಾಕಿದಾಗ ರುಚಿಯಲ್ಲಿ ಜಗಳ ಬರುವುದಿಲ್ಲ. ವೆನಿಲ್ಲಾ, ಚಾಕೊಲೇಟ್ ಪುಡಿಗಳು ಬೇಡವೇ ಬೇಡ, ಸಿಹಿಕಾರಕ ಹಾಕಿದ ಅನ್‌ಫ್ಲೇವರ್ಡ್ ಪುಡಿಗಳೂ ಇರುತ್ತವೆ, ಸಾಮಗ್ರಿ ಪಟ್ಟಿ ಓದಿ ಕೊಳ್ಳಿ. ವೇ ಕಾನ್ಸಂಟ್ರೇಟ್‌ಗಿಂತ ಐಸೊಲೇಟ್ ಇದಕ್ಕೆ ಮೇಲು. ಕಾನ್ಸಂಟ್ರೇಟ್‌ನಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜಾಸ್ತಿ ಉಳಿದಿರುತ್ತದೆ, ಅದು ಬೇಗ ಕಂದು ಬಣ್ಣಕ್ಕೆ ತಿರುಗಿಸುತ್ತದೆ, ಒಳಗೆ ಇನ್ನೂ ತೇವ ಇರುವಾಗಲೇ ಹೊರಗೆ ಸೀದ ಬಣ್ಣ ಬಂದುಬಿಡುತ್ತದೆ.

ವೇ ಕಲ್ಲಾಗುವುದು ಏಕೆ ಅಂದರೆ, ಸುಮಾರು 70 ಡಿಗ್ರಿ ದಾಟಿದ ಮೇಲೆ ಅದು ಸುರುಳಿ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆ ಹೆಣಿಗೆಯ ನಡುವೆ ಹಿಟ್ಟಿನ ಸ್ಟಾರ್ಚ್ ಮತ್ತು ಕೊಬ್ಬು ಸಾಕಷ್ಟು ಇದ್ದರೆ ಮಾತ್ರ ಕಚ್ಚಿದಾಗ ಪಟ್ ಅಂತ ಮುರಿಯುತ್ತದೆ. ಬೆಣ್ಣೆ ಮತ್ತು ಹಿಟ್ಟನ್ನು ಪೂರ್ತಿ ಬಿಡಬಾರದು ಅನ್ನುವುದು ಇದಕ್ಕೇ. ಕೊಬ್ಬು ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಆ 15 ಗ್ರಾಂ ಬೆಣ್ಣೆಯನ್ನು ತೆಗೆದರೆ ಉಳಿಯುವ ಕ್ಯಾಲೊರಿ ಸ್ವಲ್ಪ, ಹಾಳಾಗುವ ರುಚಿ ಜಾಸ್ತಿ.

ಗೋಧಿಯ ಗ್ಲೂಟನ್ ಪುಡಿಯಲ್ಲಿ 75 ಶೇಕಡದಷ್ಟು ಪ್ರೋಟೀನ್ ಇದೆ, ಅದನ್ನೇ ಹಾಕಿದರೆ ಆಗದೇ ಅಂತ ಅನ್ನಿಸಬಹುದು. ಹಾಕಿದರೆ ಹಿಟ್ಟು ರಬ್ಬರಿನಂತಾಗುತ್ತದೆ, ಲಟ್ಟಿಸಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಬೇಡ.

ಹಿಟ್ಟು ಕಲಸುವುದು

ಮೊದಲು ಕಡಲೆ ಹಿಟ್ಟನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿಯಿರಿ, ಹಸಿ ವಾಸನೆ ಹೋಗಿ ಘಮ ಬರುವ ತನಕ. ಹೀಗೆ ಮಾಡದಿದ್ದರೆ ಬೆಂದ ಮೇಲೂ ಒಂದು ಸಣ್ಣ ಕಹಿ ಉಳಿಯುತ್ತದೆ. ಹುರಿದದ್ದನ್ನು ಪೂರ್ತಿ ಆರಿಸಿ. ಬಿಸಿ ಹಿಟ್ಟಿಗೆ ಚೀಸ್ ಬಿದ್ದರೆ ಅಲ್ಲೇ ಕರಗಿ ಜಿಡ್ಡು ಬಿಡುತ್ತದೆ.

ಆರಿದ ಕಡಲೆ ಹಿಟ್ಟು, ಗೋಧಿ ಹಿಟ್ಟು, ಪ್ರೋಟೀನ್ ಪುಡಿ, ಬೇಕಿಂಗ್ ಪೌಡರ್, ಖಾರ, ಸಾಸಿವೆ ಪುಡಿ, ಉಪ್ಪು ಎಲ್ಲವನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಪ್ರೋಟೀನ್ ಪುಡಿಯ ಗಂಟು ಉಳಿದರೆ ಬೆಂದ ಮೇಲೆ ಅದು ಗಟ್ಟಿ ಹರಳಾಗಿ ಹಲ್ಲಿಗೆ ಸಿಗುತ್ತದೆ. ಇದಕ್ಕೆ ತಣ್ಣಗಿನ ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಾಕಿ, ಬೆರಳ ತುದಿಯಲ್ಲಿ ಉಜ್ಜುತ್ತಾ ಹೋಗಿ, ಅಂಗೈ ಬಳಸಬೇಡಿ, ಅಂಗೈ ಬಿಸಿ ಜಾಸ್ತಿ. ಹಿಟ್ಟು ಮರಳು ಮರಳಾದ ಮೇಲೆ ತುರಿದ ಚೀಸ್ ಹಾಕಿ ಅದನ್ನೂ ಹಾಗೇ ಉಜ್ಜಿ.

ಕೊನೆಗೆ ಮೊಟ್ಟೆಯ ಬಿಳಿ. ಅದನ್ನು ಫೋರ್ಕ್‌ನಿಂದ ಸ್ವಲ್ಪ ಕದಡಿ, ನೊರೆ ಬರಿಸುವುದು ಬೇಡ, ಹಿಟ್ಟಿಗೆ ಸುರಿದು ಒಟ್ಟುಗೂಡಿಸಿ. ಮೊದಲ ಅರ್ಧ ನಿಮಿಷ ಇದು ಒಂದಾಗುವುದೇ ಇಲ್ಲ ಅನ್ನಿಸುತ್ತದೆ. ತಕ್ಷಣ ನೀರು ಹಾಕಬೇಡಿ. ಒತ್ತುತ್ತಾ ಹೋದರೆ ಚೀಸಿನ ತೇವದಿಂದಲೇ ಕೂಡಿಕೊಳ್ಳುತ್ತದೆ. ಆಮೇಲೂ ಪುಡಿ ಪುಡಿಯಾಗಿ ಉದುರುತ್ತಿದ್ದರೆ ಮಾತ್ರ ತಣ್ಣೀರು, ಅದೂ ಅರ್ಧರ್ಧ ಚಮಚ. ವೇ ಹಾಕಿದ್ದರೆ ನೀರು ಬೇಕಾಗದೆ ಇರಬಹುದು, ಅದು ಸ್ವಲ್ಪ ಅಂಟಂಟಾಗಿರುತ್ತದೆ. ಬಟಾಣಿ ಪ್ರೋಟೀನ್ ನೀರು ಚೆನ್ನಾಗಿ ಕುಡಿಯುತ್ತದೆ, ಅದಕ್ಕೆ ಒಂದೆರಡು ಚಮಚ ಬೇಕೇ ಬೇಕು. ಹದ ಹೇಗಿರಬೇಕು ಅಂದರೆ, ನಿಮ್ಮ ಕಿವಿಯ ಹಾಲೆ ಮುಟ್ಟಿ ನೋಡಿ, ಅದಕ್ಕಿಂತ ಒಂದು ಚೂರು ಗಟ್ಟಿ.

ಒಂದಾಯಿತಾ, ಅಲ್ಲಿಗೆ ನಿಲ್ಲಿಸಿ. ನಾದಬೇಡಿ. ನಾದಿದಷ್ಟೂ ಗೋಧಿಯ ಗ್ಲೂಟನ್ ಬಿಗಿಯುತ್ತದೆ, ಕ್ರ್ಯಾಕರ್ ಗಟ್ಟಿಯಾಗುತ್ತದೆ. ಹಸಿ ಹಿಟ್ಟಿನ ರುಚಿ ನೋಡುವ ಅಭ್ಯಾಸ ಇದ್ದರೆ ಇಲ್ಲಿ ಬೇಡ, ಹಸಿ ಮೊಟ್ಟೆ ಇದೆ, ಹಸಿ ಗೋಧಿ ಹಿಟ್ಟಿನಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಹಿಟ್ಟನ್ನು ಎರಡು ಭಾಗ ಮಾಡಿ, ಉಂಡೆ ಕಟ್ಟದೆ ಚಪ್ಪಟೆ ಬಿಲ್ಲೆಯಾಗಿ ಒತ್ತಿ, ಮುಚ್ಚಿ ಫ್ರಿಜ್‌ನಲ್ಲಿ 30 ನಿಮಿಷ ಇಡಿ. ಇದನ್ನು ತಪ್ಪಿಸಬೇಡಿ. ಒಳಗಿನ ಕೊಬ್ಬು ಗಟ್ಟಿಯಾದರೆ ಲಟ್ಟಿಸುವಾಗ ಅಂಟುವುದಿಲ್ಲ, ಓವನ್‌ಗೆ ಹೋದ ಕೂಡಲೇ ಜಿಡ್ಡು ಹರಿಯುವುದಿಲ್ಲ. ಪುಡಿ ನೀರನ್ನು ಹೀರಿಕೊಳ್ಳಲೂ ಅಷ್ಟು ಹೊತ್ತು ಬೇಕು.

ಲಟ್ಟಿಸುವುದು, ಕತ್ತರಿಸುವುದು

ಎರಡು ಬೇಕಿಂಗ್ ಪೇಪರ್ ನಡುವೆ ಇಟ್ಟು ಲಟ್ಟಿಸಿ. ಒಣ ಹಿಟ್ಟು ಉದುರಿಸಿ ಲಟ್ಟಿಸಿದರೆ ಆ ಹಿಟ್ಟು ಮೇಲ್ಮೈಗೆ ಅಂಟಿ ಬಿಳಿ ಕಲೆಯಾಗುತ್ತದೆ. ದಪ್ಪ 2 ಮಿಲಿಮೀಟರ್ ಇರಲಿ, ಎಲ್ಲ ಕಡೆಯೂ ಒಂದೇ ಸಮ. 3 ಮಿಲಿಮೀಟರ್ ಆದರೆ ನಡುಭಾಗ ಒಣಗುವಷ್ಟರಲ್ಲಿ ಅಂಚು ಸೀದಿರುತ್ತದೆ. ಸಮವಾಗಿ ಬರಬೇಕು ಅಂದರೆ ನಡುವಿನಿಂದ ಹೊರಕ್ಕೆ ಲಟ್ಟಿಸಿ, ಪ್ರತಿ ಸಲ ಕಾಗದವನ್ನು ತಿರುಗಿಸಿ. ಅಂಚು ತೆಳ್ಳಗಾಗುವುದು ಎಲ್ಲರಿಗೂ ಆಗುವ ವಿಷಯ, ಆ ಅಂಚನ್ನು ಕತ್ತರಿಸಿ ಉಳಿದ ಹಿಟ್ಟಿಗೆ ಸೇರಿಸಿ.

ಮೇಲಿನ ಕಾಗದ ತೆಗೆದು ಪಿಜ್ಜಾ ಕಟರ್‌ನಿಂದ ಎರಡೂವರೆ ಸೆಂಟಿಮೀಟರ್ ಚೌಕಗಳಾಗಿ ಗೆರೆ ಎಳೆಯಿರಿ. ಒಂದೊಂದನ್ನೇ ಎತ್ತಿ ಬೇರೆ ಇಡುವ ಕೆಲಸ ಬೇಡ, ಕಾಗದ ಸಮೇತ ಟ್ರೇ ಮೇಲೆ ಜಾರಿಸಿ. ಬೇಯುವಾಗ ಸ್ವಲ್ಪ ಕುಗ್ಗಿ ತಾವಾಗಿಯೇ ಬಿಡಿಸಿಕೊಳ್ಳುತ್ತವೆ, ಉಳಿದದ್ದನ್ನು ಆಮೇಲೆ ಮುರಿಯಬಹುದು. ಪ್ರತಿ ಚೌಕದ ನಡುವೆ ಫೋರ್ಕ್ ಅಥವಾ ಕಡ್ಡಿಯಿಂದ ತಳದ ತನಕ ಚುಚ್ಚಿ. ಈ ತೂತು ಅಂದಕ್ಕೆ ಮಾತ್ರ ಅಲ್ಲ, ಆವಿ ಹೊರಗೆ ಹೋಗುವ ದಾರಿ. ಚುಚ್ಚದೆ ಬಿಟ್ಟರೆ ಉಬ್ಬಿ ದಿಂಬಾಗುತ್ತವೆ, ಒಳಗೆ ತೇವ ಉಳಿಯುತ್ತದೆ. ಈ ಅಳತೆಗೆ ಎರಡು ಟ್ರೇ ತುಂಬ, ಇನ್ನೂರರ ಹತ್ತಿರ ಕ್ರ್ಯಾಕರ್ ಬರುತ್ತವೆ.

ಬೇಯಿಸುವುದು, ಆಮೇಲೆ ಒಣಗಿಸುವುದು

ಓವನ್ ಅನ್ನು 165 ಡಿಗ್ರಿಗೆ ಮೊದಲೇ ಪೂರ್ತಿ ಕಾಯಿಸಿ. ಫ್ಯಾನ್ ಇರುವ ಓವನ್ ಆದರೆ 150 ಸಾಕು. ಟ್ರೇಯನ್ನು ನಡು ತಟ್ಟೆಯಲ್ಲಿಟ್ಟು 12ರಿಂದ 14 ನಿಮಿಷ ಬೇಯಿಸಿ, ಅರ್ಧದಲ್ಲಿ ಟ್ರೇಯ ಮುಂದಿನ ಭಾಗವನ್ನು ಹಿಂದಕ್ಕೆ ತಿರುಗಿಸಿ. ಅಂಚು ಹೊಂಬಣ್ಣಕ್ಕೆ ಬಂದು ನಡುಭಾಗ ಇನ್ನೂ ತಿಳಿಯಾಗಿರುವಾಗ ಮೊದಲ ಹಂತ ಮುಗಿಯಿತು. ಈ ಹೊತ್ತಿಗೆ ಮುರಿದು ನೋಡಿದರೆ ಮೆತ್ತಗಿರುತ್ತದೆ. ಇಲ್ಲೇ ಗಾಬರಿಬಿದ್ದು ಉರಿ ಹೆಚ್ಚಿಸಬಾರದು.

ಉರಿಯನ್ನು 120ಕ್ಕೆ ಇಳಿಸಿ. ಈಗ ಚೌಕಗಳನ್ನು ಬಿಡಿಸಿ ಸ್ವಲ್ಪ ದೂರ ದೂರ ಹರಡಿ, ಅಂಚಿನಲ್ಲಿ ಆಗಲೇ ಬಣ್ಣ ಬಂದಿರುವ ತೆಳು ತುಂಡುಗಳನ್ನು ತೆಗೆದುಬಿಡಿ. ಉಳಿದವು 15ರಿಂದ 20 ನಿಮಿಷ ಅಲ್ಲೇ ಇರಲಿ. ಆಮೇಲೆ ಓವನ್ ಆಫ್ ಮಾಡಿ, ಬಾಗಿಲನ್ನು ಒಂದು ಚಮಚ ಸಿಕ್ಕಿಸಿ ಸ್ವಲ್ಪ ತೆರೆದಿಟ್ಟು ಇನ್ನೊಂದು 15 ನಿಮಿಷ ಬಿಡಿ. ಬಾಗಿಲು ತೆರೆಯುವುದು ಮುಖ್ಯ, ಇಲ್ಲದಿದ್ದರೆ ಹೊರಬಂದ ಆವಿ ಒಳಗೇ ಸುತ್ತುತ್ತದೆ.

ಎರಡು ಹಂತ ಏಕೆ ಅಂತ ಕೇಳಿದರೆ, ಸುಮಾರು 140 ಡಿಗ್ರಿ ಮೇಲೆ ಪ್ರೋಟೀನ್ ಮತ್ತು ಸಕ್ಕರೆ ಸೇರಿ ಕಂದು ಬಣ್ಣ, ಹುರಿದ ಘಮ ಬರುವುದು ಜೋರಾಗುತ್ತದೆ. ಸಾಮಾನ್ಯ ಕ್ರ್ಯಾಕರ್‌ಗಿಂತ ನಮ್ಮದರಲ್ಲಿ ಪ್ರೋಟೀನ್ ಮೂರು ಪಟ್ಟು, ಆದ್ದರಿಂದ ಬಣ್ಣ ಬೇಗ ಬರುತ್ತದೆ, ತೇವ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಹೋಗುತ್ತದೆ. ಬಣ್ಣಕ್ಕೆ ಮೊದಲ ಹಂತ, ತೇವಕ್ಕೆ ಎರಡನೆಯದು. ಇವೆರಡನ್ನೂ ಒಂದೇ ಉರಿಯಲ್ಲಿ ಮುಗಿಸಲು ಹೋದರೆ ಒಂದು ಕೆಡುತ್ತದೆ. ಗರಿಗರಿ ಆಗಿದೆಯೋ ಇಲ್ಲವೋ ಅಂತ ಬಿಸಿ ಇರುವಾಗ ತೀರ್ಮಾನ ಮಾಡಬೇಡಿ, ಕರಗಿದ ಕೊಬ್ಬಿನಿಂದ ಮೆತ್ತಗೆ ಕಾಣುತ್ತದೆ. ಒಂದನ್ನು ತೆಗೆದು ಐದು ನಿಮಿಷ ಆರಿಸಿ ಮುರಿಯಿರಿ. ಪಟ್ ಅಂತ ಶಬ್ದ ಬಂದರೆ ಆಯಿತು, ಬಾಗಿದರೆ ಇನ್ನೂ ಐದು ನಿಮಿಷ 120ರಲ್ಲಿ.

ಏರ್ ಫ್ರೈಯರ್‌ನಲ್ಲಿ ಮಾಡುವವರು 150 ಡಿಗ್ರಿಯಲ್ಲಿ 8 ನಿಮಿಷ, ಆಮೇಲೆ 120ರಲ್ಲಿ 8ರಿಂದ 10 ನಿಮಿಷ ನೋಡಿ. ಒಂದೇ ಪದರ ಇರಲಿ, ಮೇಲೆ ಒಂದು ಜಾಲರಿ ಇಡಿ, ಗಾಳಿಗೆ ಹಗುರ ತುಂಡುಗಳು ಹಾರುತ್ತವೆ. ಮೈಕ್ರೋವೇವ್ ಇದಕ್ಕೆ ಆಗುವುದಿಲ್ಲ, ರಬ್ಬರ್ ಆಗುತ್ತದೆ.

ಲೆಕ್ಕ

ಚೀಸ್‌ನಿಂದ ಸುಮಾರು 29 ಗ್ರಾಂ, ಪ್ರೋಟೀನ್ ಪುಡಿಯಿಂದ 24, ಕಡಲೆ ಹಿಟ್ಟಿನಿಂದ 9, ಗೋಧಿಯಿಂದ 7, ಮೊಟ್ಟೆಯಿಂದ ಮೂರೂವರೆ. ಒಟ್ಟು 72 ಗ್ರಾಂ ಆಸುಪಾಸು. ಒಣಗಿದ ಮೇಲೆ ತೂಕ 220 ಗ್ರಾಂ ಹತ್ತಿರ ಬರುತ್ತದೆ. ಅಂದರೆ 30 ಗ್ರಾಂ ತಿಂದರೆ ಸುಮಾರು 10 ಗ್ರಾಂ ಪ್ರೋಟೀನ್, 150 ಕ್ಯಾಲೊರಿ. ಒಂದು ಕ್ರ್ಯಾಕರ್ ಹೆಚ್ಚೂ ಕಡಿಮೆ ಒಂದು ಗ್ರಾಂ ತೂಗುತ್ತದೆ, ಎಣಿಸಿಕೊಳ್ಳುವುದು ಸುಲಭ. ನಿಮ್ಮ ಪುಡಿಯ ಡಬ್ಬಿಯ ಮೇಲಿನ ಅಂಕಿ ನೋಡಿ ಲೆಕ್ಕ ಸ್ವಲ್ಪ ಸರಿಮಾಡಿಕೊಳ್ಳಿ.

ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಒಂದು ತಿನಿಸಿನ ಕ್ಯಾಲೊರಿಯಲ್ಲಿ ಕನಿಷ್ಠ 20 ಶೇಕಡ ಪ್ರೋಟೀನ್‌ನಿಂದ ಬಂದರೆ ಮಾತ್ರ ಅದರ ಮೇಲೆ ಹೈ ಪ್ರೋಟೀನ್ ಅಂತ ಬರೆಯಬಹುದು. ಇದು ಒಳ್ಳೆಯ ಅಳತೆಗೋಲು. ನಮ್ಮದರಲ್ಲಿ ಸುಮಾರು 27 ಶೇಕಡ ಬರುತ್ತದೆ. ಯಾವ ರೆಸಿಪಿಯನ್ನಾದರೂ ಹೀಗೇ ಪರೀಕ್ಷೆ ಮಾಡಬಹುದು, ಪ್ರೋಟೀನ್ ಗ್ರಾಂ ಅನ್ನು 4ರಿಂದ ಗುಣಿಸಿ, ಒಟ್ಟು ಕ್ಯಾಲೊರಿಯಿಂದ ಭಾಗಿಸಿದರೆ ಆಯಿತು.

ಓವನ್ ಬಿಸಿಗೆ ಪ್ರೋಟೀನ್ ಹಾಳಾಗುವುದಿಲ್ಲವೇ ಅಂತ ತುಂಬ ಜನ ಕೇಳುತ್ತಾರೆ. ಇಲ್ಲ. ಬಿಸಿಗೆ ಅದರ ಆಕಾರ ಬದಲಾಗುತ್ತದೆ, ಹೊಟ್ಟೆಯಲ್ಲಿ ಜೀರ್ಣ ಆಗುವಾಗಲೂ ಮೊದಲು ಆಗುವುದು ಅದೇ. ತೀರಾ ಕಂದಾಗಿ ಸೀದರೆ ಲೈಸಿನ್ ಅನ್ನುವ ಒಂದು ಅಮೈನೋ ಆಮ್ಲ ಸ್ವಲ್ಪ ಕಡಿಮೆಯಾಗುತ್ತದೆ, ಸೀಯಿಸದಿರಲು ಅದೂ ಒಂದು ಕಾರಣ. ಗೋಧಿಯಲ್ಲಿ ಲೈಸಿನ್ ಹೇಗೂ ಕಡಿಮೆ, ಕಡಲೆ ಮತ್ತು ಹಾಲಿನ ಪ್ರೋಟೀನ್ ಆ ಕೊರತೆಯನ್ನು ತುಂಬುತ್ತವೆ. ಕಿಡ್ನಿ ತೊಂದರೆಯಿಂದ ಪ್ರೋಟೀನ್ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳಿ ತಿನ್ನಿ.

ಬದಲಾವಣೆ ಮಾಡಬೇಕಾದರೆ

ಮೊಟ್ಟೆ ಬೇಡ ಅಂದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು ಎರಡು ದೊಡ್ಡ ಚಮಚ ಹಾಕಿ. ಸ್ವಲ್ಪ ಹುಳಿ ಬರುತ್ತದೆ, ಚೀಸಿಗೆ ಅದು ಚೆನ್ನಾಗಿಯೇ ಹೊಂದುತ್ತದೆ, ಒಣಗಿಸುವ ಹೊತ್ತು ಮಾತ್ರ ಐದು ನಿಮಿಷ ಜಾಸ್ತಿ. ಗ್ಲೂಟನ್ ಆಗದವರು ಗೋಧಿ ಹಿಟ್ಟಿನ ಬದಲು ಬಾದಾಮಿ ಹಿಟ್ಟು ಬಳಸಬಹುದು, ಹಿಟ್ಟು ಸುಲಭವಾಗಿ ಮುರಿಯುತ್ತದೆ, ಲಟ್ಟಿಸುವಾಗ ಕೈ ಹಗುರ ಇರಲಿ, ಕ್ಯಾಲೊರಿ ಏರುತ್ತದೆ ಅನ್ನುವುದೂ ಗೊತ್ತಿರಲಿ.

ಪ್ರೋಟೀನ್ ಪುಡಿಯೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ. ಪಾರ್ಮೆಸಾನ್ ತುರಿಯನ್ನು ಬೇಕಿಂಗ್ ಪೇಪರ್ ಮೇಲೆ ಒಂದೊಂದು ಚಮಚದ ತೆಳು ಗುಡ್ಡೆಗಳಾಗಿ ಹರಡಿ, 200 ಡಿಗ್ರಿಯಲ್ಲಿ 5ರಿಂದ 6 ನಿಮಿಷ ಇಟ್ಟು, ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ. ಹಿಟ್ಟೂ ಇಲ್ಲ, ಕಲಸುವುದೂ ಇಲ್ಲ. ಉಪ್ಪು ಮಾತ್ರ ಜಾಸ್ತಿ, ಎರಡು ಮೂರು ತಿನ್ನುವುದಕ್ಕೆ ಸರಿ, ಬಟ್ಟಲು ತುಂಬ ತಿನ್ನುವುದಕ್ಕಲ್ಲ. ಅದಕ್ಕೇ ನನ್ನ ಆಯ್ಕೆ ಹಿಟ್ಟು ಸೇರಿಸಿದ ಕ್ರ್ಯಾಕರ್.

ಕೆಟ್ಟರೆ ಏನು, ಇಡುವುದು ಹೇಗೆ

ತುಂಬ ಗಟ್ಟಿಯಾದರೆ ಪುಡಿ ಜಾಸ್ತಿ ಬಿದ್ದಿದೆ ಅಥವಾ ಹಿಟ್ಟನ್ನು ನಾದಿದ್ದೀರಿ, ಮುಂದಿನ ಸಲ ಪುಡಿಯನ್ನು 20 ಗ್ರಾಂಗೆ ಇಳಿಸಿ, ಗೋಧಿ ಹಿಟ್ಟು 10 ಗ್ರಾಂ ಏರಿಸಿ. ಟ್ರೇಯಲ್ಲಿ ಜಿಡ್ಡು ನಿಂತರೆ ಹಿಟ್ಟು ತಣ್ಣಗಿರಲಿಲ್ಲ. ಹೊರಗೆ ಕಂದು, ಒಳಗೆ ಮೆತ್ತಗೆ ಇದ್ದರೆ ಓವನ್ ತೋರಿಸುವುದಕ್ಕಿಂತ ಬಿಸಿ ಇದೆ, ಓವನ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದು ತಂದರೆ ಬೇರೆ ಎಲ್ಲ ಬೇಕಿಂಗ್‌ಗೂ ಉಪಯೋಗ ಆಗುತ್ತದೆ.

ಡಬ್ಬಿಗೆ ಹಾಕುವ ಮುಂಚೆ ಅರ್ಧ ಗಂಟೆಯಾದರೂ ಜಾಲರಿ ಮೇಲೆ ಆರಿಸಿ. ಬೆಚ್ಚಗಿರುವಾಗಲೇ ಮುಚ್ಚಳ ಹಾಕಿದರೆ ಆವಿ ನೀರಾಗಿ ಕೂತು ಅಷ್ಟೂ ಕೆಲಸ ನೀರುಪಾಲು. ಚೆನ್ನಾಗಿ ಒಣಗಿದ್ದು, ಗಾಳಿಯಾಡದ ಡಬ್ಬಿಯಲ್ಲಿ, ಬಿಸಿಲು ತಾಗದ ಜಾಗದಲ್ಲಿ ಐದಾರು ದಿನ ಚೆನ್ನಾಗಿರುತ್ತದೆ. ಒಳಗೆ ಸ್ವಲ್ಪವಾದರೂ ಮೆತ್ತಗಿದೆ ಅನ್ನಿಸಿದರೆ ಫ್ರಿಜ್‌ನಲ್ಲಿಟ್ಟು ಮೂರು ದಿನದಲ್ಲಿ ಮುಗಿಸಿ. ಜಾಸ್ತಿ ದಿನ ಬೇಕಾದರೆ ಲಟ್ಟಿಸಿದ ಹಸಿ ಹಿಟ್ಟನ್ನೇ ಕಾಗದ ಸಮೇತ ಫ್ರೀಜರ್‌ನಲ್ಲಿ ಒಂದು ತಿಂಗಳು ಇಡಬಹುದು. ಬೇಕಾದಾಗ ತೆಗೆದು ಹತ್ತು ನಿಮಿಷ ಹೊರಗಿಟ್ಟು, ಗೆರೆ ಎಳೆದು, ಚುಚ್ಚಿ, ನೇರ ಓವನ್‌ಗೆ. ಡಬ್ಬಿಯಲ್ಲಿದ್ದದ್ದು ತೇವ ಎಳೆದು ಮೆತ್ತಗಾದರೆ 120 ಡಿಗ್ರಿಯಲ್ಲಿ 6ರಿಂದ 8 ನಿಮಿಷ ಇಟ್ಟು ಮತ್ತೆ ಪೂರ್ತಿ ಆರಿಸಿ, ಗರಿಗರಿ ವಾಪಸ್ ಬರುತ್ತದೆ.